ಆರೂ ಬದಿಯಲ್ಲಿ ಹೆಸರು

ಆ ಶುಕ್ರವಾರ ನಮ್ಮ ಮನೆಯ ಚಾವಡಿಯಲ್ಲಿ ಮಾರ್ಕರ್ ಪೆನ್ನಿನ ವಾಸನೆ ತುಂಬಿತ್ತು. ಇವರು ನೆಲದ ಮೇಲೆ ಕಾಲು ಚಾಚಿ ಕೂತು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಳದಿ ನೈಲಾನ್ ಹಗ್ಗ ಬಿಗಿಯುತ್ತಿದ್ದರು. ಹಗ್ಗದ ಇನ್ನೊಂದು ತುದಿ ಆಮ್ನಾಳ ಕೈಯಲ್ಲಿತ್ತು. ನಾನು ಅಡುಗೆಮನೆಯಲ್ಲಿ ಬಂಗುಡೆ ಕಾಯಿಸುತ್ತಾ, ಒಂದು ಕಿವಿಯನ್ನು ಹೊರಗೆ ಇಟ್ಟಿದ್ದೆ.

"ಶಿದ್ದ್, ಶಿದ್ದ್," ಎನ್ನುತ್ತಿದ್ದರು ಇವರು. ಅರಬಿಯಲ್ಲಿ ಎಳೆ ಎಂದು ಅರ್ಥವಂತೆ.

"ಅಂಕಲ್, ನಿಮ್ಮ ಅರಬಿ ಮನುಷ್ಯರಿಗೆ ಹೇಳುವ ಅರಬಿ ಅಲ್ಲ," ಎಂದು ಆಮ್ನಾ ನಕ್ಕಳು.

"ನನಗೆ ಕಲಿಸಿದವ ಲಾರಿ ಡ್ರೈವರ್. ಲಾರಿಗೆ ಆದದ್ದು ಪೆಟ್ಟಿಗೆಗೆ ಆಗುದಿಲ್ವಾ? ಎಳಿ ಮಾರಾಯ್ತಿ."

ಅಷ್ಟೇ. ಆ ದಿನದ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಊಟವಾಯಿತು, ಇವರು ಮಲಗಿದರು, ನಾನು ಯಾರದೋ ಬ್ಲೌಸಿಗೆ ಹುಕ್ಕು ಹಾಕಿದೆ. ಏನೂ ನಡೆಯದ ದಿನವೊಂದು ಎಷ್ಟು ದೊಡ್ಡದು ಎಂದು ಆಗ ಯಾರಿಗೆ ಗೊತ್ತಿತ್ತು.

ಇವರು ಎಂದರೆ ನನ್ನ ಗಂಡ. ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ, ಈಗ ಹೊಸದಾಗಿ ಶುರು ಮಾಡುವುದೂ ಬೇಡ. ಆಮ್ನಾ ಎಂದರೆ ಅತ್ತಾವರದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ. ಸೂಡಾನ್ ದೇಶದಿಂದ ಫಾರ್ಮಸಿ ಓದಲು ಬಂದವಳು. ಆಮ್ನಾ ಅವಳ ನಿಜವಾದ ಹೆಸರಲ್ಲ. ಅದನ್ನು ಯಾಕೆ ಬರೆಯುತ್ತಿಲ್ಲ ಎಂಬುದು ಓದುತ್ತಾ ಹೋದಂತೆ ನಿಮಗೆ ತಿಳಿಯುತ್ತದೆ. ಅವಳ ಕನ್ನಡ ನಮ್ಮ ಅಡುಗೆಮನೆಯಲ್ಲಿಯೂ ಸಿಟಿ ಬಸ್ಸಿನಲ್ಲಿಯೂ ಕಲಿತದ್ದು. ಆದ್ದರಿಂದ ಅದರಲ್ಲಿ ಅರ್ಧ ಪ್ರೀತಿ, ಅರ್ಧ ಕಂಡಕ್ಟರ್.

ಇವರು ಬಹರೈನ್‌ನಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿದ್ದರು. ಕಣ್ಣಿಗೆ ಕಂಡ ವಸ್ತುವಿನ ಮೇಲೆಲ್ಲ ಅದರ ಹೆಸರು ಬರೆಯುವ ಚಾಳಿ ಅಲ್ಲಿಂದ ಬಂದದ್ದು. ನಮ್ಮ ಮನೆಯಲ್ಲಿ ಟಾರ್ಚಿನ ಮೇಲೆ ಟಾರ್ಚ್ ಎಂದು ಬರೆದಿದೆ. ನನ್ನ ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ನನ್ನ ಹೆಸರಿದೆ. ಮನೆಯಲ್ಲಿ ಹೊಲಿಯಲು ಬರುವವಳು ನಾನೊಬ್ಬಳೇ. "ಇದು ನನ್ನದಲ್ಲ ಅಂತ ನಾನು ಹೇಳಿದ್ದೇನಾ?" ಎಂದು ಕೇಳಿದರೆ, "ನಾಳೆ ಹೇಳಿದರೆ?" ಎನ್ನುತ್ತಿದ್ದರು.

ನಮ್ಮ ಕಡೆಯ ಗಲ್ಫಿನವರಿಗೆ ಪೆಟ್ಟಿಗೆ ಕಟ್ಟುವುದು ಒಂದು ವಿದ್ಯೆ. ಹೆಸರು, ಮನೆಯ ಹೆಸರು, ಊರು, ಫೋನ್ ನಂಬರ್, ಎಲ್ಲವನ್ನೂ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಉಳಿದವರು ಮೇಲೆ ಮತ್ತು ಎದುರಿಗೆ ಬರೆದರೆ ಇವರು ಆರೂ ಬದಿಯಲ್ಲಿ ಬರೆಯುತ್ತಿದ್ದರು, ಅಡಿಯಲ್ಲಿ ಕೂಡ. ಒಮ್ಮೆ ಮುಂಬಯಿಯಲ್ಲಿ ಇವರ ಪೆಟ್ಟಿಗೆ ಕಾಣೆಯಾಗಿ, ಮೂರು ವಾರದ ಮೇಲೆ ಒದ್ದೆಯಾಗಿ ಹರಿದು ಮನೆಗೆ ಬಂತಂತೆ. ಓದಲು ಉಳಿದಿದ್ದದ್ದು ಅಡಿಯಲ್ಲಿ ಬರೆದ ಹೆಸರು ಮಾತ್ರವಂತೆ. ಈ ಕತೆಯನ್ನು ಮನೆಗೆ ಬಂದವರೆಲ್ಲ ಕೇಳಲೇಬೇಕಿತ್ತು. ಕೊನೆಗೆ ಒಂದೇ ಮಾತು: "ಪೆಟ್ಟಿಗೆ ಹೇಗೆ ಬಿದ್ದರೂ ಹೆಸರು ಆಕಾಶ ನೋಡ್ಬೇಕು."

ಆ ಶುಕ್ರವಾರದ ಪೆಟ್ಟಿಗೆ ಆಮ್ನಾಳ ತಾಯಿಗೆ, ಅದರ ಮೇಲಿನ ಹೆಸರು ಆಮ್ನಾಳದು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಪೂರ್ತಿ. ಅವಳು ಮಂಗಳವಾರ ರಜೆಗೆ ಊರಿಗೆ ಹೊರಡುವವಳಿದ್ದಳು. ಅವಳ ತಂದೆ ಮೊದಲೇ ತೀರಿಹೋಗಿದ್ದರು. ತಾಯಿ ಶಾಲೆಯ ಟೀಚರ್, ನದಿಯ ದಡದ ಒಂದು ಊರಿನಲ್ಲಿ ಇರುವವರು. ಇವರು ಕಂಕನಾಡಿ ಮಾರುಕಟ್ಟೆಯಿಂದ ಗಟ್ಟಿಮುಟ್ಟಾದ ಖಾಲಿ ಪೆಟ್ಟಿಗೆ ಆರಿಸಿ ತಂದು, ಅದರಲ್ಲಿ ಗೋಡಂಬಿ, ಬಾಳೆಕಾಯಿ ಚಿಪ್ಸ್, ಚಾ ಹುಡಿ, ಗಂಧದ ಸಾಬೂನು, ಮಂಡಿನೋವಿನ ಎಣ್ಣೆ ತುಂಬಿಸಿದರು. ನಾನು ಹೊಲಿದ ಎರಡು ನೈಟಿಯೂ ಇದ್ದವು. ನೋಡದ ಹೆಂಗಸಿಗೆ ಅಳತೆ ಹೇಗೆ ಎಂದು ಕೇಳಿದಾಗ ಆಮ್ನಾ ನನ್ನನ್ನೇ ಅಪ್ಪಿಕೊಂಡು ಅಂದಾಜು ಮಾಡಿ, "ಇಷ್ಟೇ, ಸ್ವಲ್ಪ ಉದ್ದ," ಎಂದಿದ್ದಳು.

ಮರುದಿನ ಬೆಳಿಗ್ಗೆ ಅವಳ ದೇಶದಲ್ಲಿ ಯುದ್ಧ ಶುರುವಾಯಿತು. ವಿಮಾನ ನಿಂತಿತು. ಪೆಟ್ಟಿಗೆ ಮೆಟ್ಟಿಲಿನ ಕೆಳಗೆ ಹೋಯಿತು. "ಇರಲಿ, ಎರಡು ವಾರದಲ್ಲಿ ಸರಿಯಾಗ್ತದೆ," ಎಂದರು ಇವರು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚಾ ಕುಡಿಯುತ್ತಾ ಎದೆ ಹಿಡಿದುಕೊಂಡರು. ನಮ್ಮ ಮನೆಯಿಂದ ಯಾವ ದಿಕ್ಕಿಗೆ ನಡೆದರೂ ಐದು ನಿಮಿಷಕ್ಕೆ ಒಂದು ಆಸ್ಪತ್ರೆ ಸಿಗುತ್ತದೆ. ಆ ಐದು ನಿಮಿಷ ಇವರ ಬಳಿ ಇರಲಿಲ್ಲ.

ಆಮೇಲಿನ ಎರಡು ವರ್ಷ ನಾವಿಬ್ಬರೂ ಹೇಗೋ ಕಳೆದೆವು. ಸಂಜೆ ಅವಳು ಕೆಳಗೆ ಬಂದು ಶುಂಠಿ ಹಾಕಿದ ಕಪ್ಪು ಕಾಫಿ ಮಾಡುತ್ತಿದ್ದಳು, ಅವಳ ಊರಿನ ಕ್ರಮದಲ್ಲಿ. ತಾಯಿಯ ಫೋನು ಸಿಕ್ಕಿದ ದಿನ ಎರಡು ಸಲ ಮಾಡುತ್ತಿದ್ದಳು. ನಾನು ಗುಡಿಸುವಾಗ ಮೆಟ್ಟಿಲಿನ ಕೆಳಗೆ ಪೊರಕೆ ಹಾಕಿದರೂ ಪೆಟ್ಟಿಗೆಯನ್ನು ಸರಿಸುತ್ತಿರಲಿಲ್ಲ. ಇವರು ಕೊನೆಯದಾಗಿ ಬರೆದ ಅಕ್ಷರಗಳು ಅವು. ಧೂಳು ಒರೆಸುವಾಗ ಕೂಡ ಒಣ ಬಟ್ಟೆಯನ್ನೇ ಹಿಡಿಯುತ್ತಿದ್ದೆ, ನೀರು ತಾಗಿದರೆ ಅಳಿಸಿಹೋಗುತ್ತದೆ ಎಂದು. ಮಾರ್ಕರಿನ ಬರಹ ನೀರಿಗೆ ಅಳಿಯುವುದಿಲ್ಲ ಎಂದು ಇವರೇ ನನಗೆ ನೂರು ಸಲ ಹೇಳಿದ್ದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆಮ್ನಾ ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು, "ಆಂಟಿ, ನಾನು ಹೋಗ್ಬೇಕು," ಎಂದಳು. ತಾಯಿಯ ಸಕ್ಕರೆ ಕಾಯಿಲೆಯ ಮದ್ದು ಆ ಊರಿನಲ್ಲಿ ಸಿಗುವುದು ನಿಂತಿತ್ತು. ಅವಳ ಸೋದರಮಾವ ಸಮುದ್ರ ತೀರದ ಪಟ್ಟಣದಲ್ಲಿ ಮನೆ ಮಾಡಿದ್ದರು. ಅಲ್ಲಿ ಯುದ್ಧದ ಬಿಸಿ ಕಡಿಮೆ, ಆಸ್ಪತ್ರೆಯೂ ಉಂಟು. ಆದರೆ ತಾಯಿ ಹಟ ಹಿಡಿದಿದ್ದರು: ಮಗಳನ್ನು ಕಣ್ಣಲ್ಲಿ ನೋಡದೆ ಮನೆಗೆ ಬೀಗ ಹಾಕುವುದಿಲ್ಲ. ತಮ್ಮ ಎಷ್ಟು ಕರೆದರೂ ಬರಲಿಲ್ಲ.

ನಾನು ಹತ್ತನೆಯವರೆಗೆ ಓದಿದವಳು, ಮುಂಬಯಿಯಿಂದ ಆಚೆ ಹೋದವಳಲ್ಲ. ಹಾಗಾಗಿ ಎದುರು ಮನೆಯ ಲಿಲ್ಲಿ ಬಾಯಿಯನ್ನು ಕರೆದೆ. ಲಿಲ್ಲಿ ಬಾಯಿ ನರ್ಸ್ ಆಗಿದ್ದವರು. ಹೊರದೇಶದಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿ ಯುದ್ಧವಾಗಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇದ್ದು ಬಂದವರು. ಆ ಬಗ್ಗೆ ಅವರು ಮಾತಾಡುವುದಿಲ್ಲ. ಬೇರೆ ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ.

ಬಂದು ಕೂತವರೇ ಆಮ್ನಾಳನ್ನು ಕೇಳಿದರು. "ಹೋಗ್ಲಿಕ್ಕೆ ಯಾರೂ ಬೇಡ ಹೇಳುದಿಲ್ಲ. ಪುನಃ ಇಲ್ಲಿಗೆ ಬರ್ಲಿಕ್ಕೆ ಪೇಪರ್ ಉಂಟಾ?"

ಅವಳು ಅದನ್ನು ಯೋಚಿಸಿರಲಿಲ್ಲ. ಊರಿಗೆ ಹೋಗುವವರು ಊರಿನಿಂದ ಹೇಗೆ ಹೊರಡುವುದು ಎಂದು ಯೋಚಿಸುತ್ತಾರೆಯೇ? ವೀಸಾದ ಕಾಗದಕ್ಕಾಗಿಯೇ ಕಾಲೇಜು, ಕಚೇರಿ ಎಂದು ಒಂದು ತಿಂಗಳು ತಿರುಗಿದಳು. ಅದು ಕೈಗೆ ಬರುವವರೆಗೆ ಟಿಕೆಟಿನ ಮಾತೆತ್ತಲು ಲಿಲ್ಲಿ ಬಾಯಿ ಬಿಡಲಿಲ್ಲ.

"ನೀನು ಒಳಗಿನ ಊರಿಗೆ ಹೋಗುದು ಯಾಕೆ?" ಎಂದು ಇನ್ನೊಂದು ದಿನ ಕೇಳಿದರು. "ಅಮ್ಮನಿಗೆ ನೀನು ಕಾಣ್ಬೇಕು, ಅಷ್ಟೇ ಅಲ್ವಾ? ಫ್ಲೈಟ್ ಇಳಿಯುದು ಸಮುದ್ರದ ಊರಲ್ಲಿ. ಮಾವ ಹೋಗಿ ಅಮ್ಮನನ್ನು ಅರ್ಧ ದಾರಿಗೆ ಕರ್ಕೊಂಡು ಬರ್ಲಿ, ನೀನು ಅರ್ಧ ದಾರಿ ಹೋಗು. ದಾರಿ ಮುಚ್ಚಿದೆ ಅಂತ ಯಾರಾದರೂ ಹೇಳಿದರೆ?"

"ಬೇರೆ ದಾರಿ ನೋಡ್ತೇನೆ," ಎಂದಳು ಆಮ್ನಾ.

"ನೋಡ್ಲಿಕ್ಕಿಲ್ಲ. ತಿರುಗಿ ಬರ್ಲಿಕ್ಕೆ. ನನ್ನ ಹತ್ತಿರ ಬೇಡ, ಈ ಆಂಟಿಯ ಕೈ ಹಿಡಿದು ಮಾತು ಕೊಡು. ಅವಳು ಈಗಾಗಲೇ ಒಬ್ಬರನ್ನು ಕಳಿಸಿ ಕೂತಿದ್ದಾಳೆ."

ಆಮ್ನಾ ನನ್ನ ಕೈ ಹಿಡಿದು ಮಾತು ಕೊಟ್ಟಳು. ಅವಳ ಕೈ ತಣ್ಣಗಿತ್ತು. ತಿರುಗಿ ಬರುತ್ತೇನೆ ಎಂಬ ಮಾತು ಕೊಡುವುದು ಹೋಗುತ್ತೇನೆ ಎನ್ನುವುದಕ್ಕಿಂತ ಎಷ್ಟು ಕಷ್ಟ ಎಂದು ಆಗ ಕಂಡೆ.

ನನ್ನ ಪಾಲಿಗೆ ಬಂದದ್ದು ಹೊಲಿಗೆ. ಅವಳ ಲಂಗದ ಒಳಗೆ, ಸೊಂಟದ ಬಳಿ, ಒಂದು ಚಪ್ಪಟೆ ಜೇಬು ಇಟ್ಟೆ. ಪಾಸ್‌ಪೋರ್ಟಿನ ಪ್ರತಿ, ಮದ್ದಿನ ಚೀಟಿ, ಡಾಕ್ಟರ ಕಾಗದ ಅದರೊಳಗೆ. ಇವರು ಪ್ರಯಾಣ ಮಾಡುವಾಗ ಬನಿಯನಿಗೂ ಇಂಥದೇ ಜೇಬು ಹೊಲಿದುಕೊಡುತ್ತಿದ್ದೆ, ಕೈ ಮರೆತಿರಲಿಲ್ಲ. ಫೋನಿನಲ್ಲಿದ್ದ ಯುದ್ಧದ ವಿಡಿಯೋಗಳನ್ನೆಲ್ಲ ಅವಳು ಅಳಿಸಿದಳು, ದಾರಿಯಲ್ಲಿ ಬಂದೂಕು ಹಿಡಿದವರು ಫೋನು ಕಸಿದು ನೋಡುತ್ತಾರಂತೆ. ಫೋನು ಹೋದರೆ ನಂಬರೂ ಹೋಯಿತಲ್ಲ ಎಂದು ಮೂರು ನಂಬರುಗಳನ್ನು ಬಾಯಿಪಾಠ ಮಾಡಿದಳು: ಮಾವನದು, ಕಾಲೇಜಿನದು, ನನ್ನದು. ಬೆಳಿಗ್ಗೆ ಮೆಟ್ಟಿಲು ಇಳಿಯುತ್ತಾ ಮಗ್ಗಿ ಹೇಳುವ ಮಕ್ಕಳಂತೆ ಹೇಳಿಕೊಳ್ಳುತ್ತಿದ್ದಳು. ನನ್ನ ನಂಬರನ್ನು ಇನ್ನೊಬ್ಬರ ಬಾಯಲ್ಲಿ ಹಾಗೆ ಕೇಳುವುದು ಎಷ್ಟೋ ದಿನದ ಮೇಲೆ ನನಗೆ ಸಿಕ್ಕಿದ ಸುಖ.

ಇನ್ನು ನನ್ನ ತಪ್ಪಿನ ವಿಷಯ.

ಹೊರಡಲು ಎರಡು ದಿನ ಇರುವಾಗ, ಅವಳು ಕಾಲೇಜಿಗೆ ಹೋದ ಹೊತ್ತು ನೋಡಿ ನಾನು ಆ ಪೆಟ್ಟಿಗೆಯನ್ನು ಮೆಟ್ಟಿಲಿನ ಕೆಳಗಿನಿಂದ ಎಳೆದೆ. ಸಡಿಲವಾಗಿದ್ದ ಹಗ್ಗವನ್ನು ಬಿಗಿದೆ. ಹೊಸ ಮಾರ್ಕರ್ ತಂದು, ಇವರ ಅಕ್ಷರದ ಮೇಲೆಯೇ, ಆರೂ ಬದಿಯಲ್ಲಿ, ಮಸುಕಾದಲ್ಲೆಲ್ಲ ತಿದ್ದಿದೆ. ಒಂದೊಂದು ಅಕ್ಷರವನ್ನೂ ಇವರ ಕೈ ಹೋದ ಹಾಗೆಯೇ ಹೋಗಿ ಬರೆದೆ. ಇವರು ಕಟ್ಟಿದ ಪೆಟ್ಟಿಗೆ ಕೊನೆಗೂ ತಲುಪಬೇಕಾದಲ್ಲಿಗೆ ತಲುಪುತ್ತದೆ ಎಂಬ ಒಂದೇ ಆಸೆ. ಸಂಜೆ ಚಾವಡಿಯ ನಡುವೆ ಅದನ್ನು ಇಟ್ಟು, ಮದುಮಗಳನ್ನು ಕೂರಿಸಿದ ತಾಯಿಯ ಹಾಗೆ ಕಾದೆ.

ಮೊದಲು ಬಂದವರು ಲಿಲ್ಲಿ ಬಾಯಿ. ಬಾಗಿಲಲ್ಲೇ ನಿಂತರು. "ಎಂತ ಮಾರಾಯ್ತಿ ಇದು? ನೀನು ಹುಡುಗಿಯನ್ನು ಗಂಡನ ಮನೆಗೆ ಕಳಿಸುದಾ?"

ಆಮ್ನಾ ಹಿಂದೆಯೇ ಬಂದಳು. ಪೆಟ್ಟಿಗೆಯನ್ನು ನೋಡಿ ಮಂಡಿಯೂರಿ ಕೂತು ಅದರ ಮೇಲೆ ಕೈ ಇಟ್ಟಳು. ಅಕ್ಷರಗಳ ಮೇಲೆ ಬೆರಳಾಡಿಸಿದಳು. ಸಂತೋಷಕ್ಕೆ ಎಂದುಕೊಂಡೆ.

"ಆಂಟಿ," ಎಂದಳು ಮೆಲ್ಲಗೆ. "ನಮ್ಮಲ್ಲಿ ಈಗ ಮೊದಲು ಕೇಳುದು ಹೆಸರು. ಅಪ್ಪನ ಹೆಸರು, ಅಜ್ಜನ ಹೆಸರು. ಅಜ್ಜನ ಹೆಸರು ಕೇಳಿದರೆ ಯಾವ ಕಡೆಯ ಜನ ಅಂತ ಗೊತ್ತಾಗ್ತದೆ. ದಾರಿ ತಡೆಯುವ ಒಂದು ಗೇಟಿನಲ್ಲಿ ಆ ಹೆಸರು ಒಳ್ಳೇದು, ಮುಂದಿನ ಗೇಟಿನಲ್ಲಿ..."

"ಪಾಸ್‌ಪೋರ್ಟಿನಲ್ಲಿ ಹೆಸರು ಇಲ್ವಾ?" ಎಂದೆ ನಾನು. ಸೋಲು ಒಪ್ಪಲು ಮನಸ್ಸಿರಲಿಲ್ಲ.

"ಅದು ಕೇಳಿದವನಿಗೆ ಮಾತ್ರ ತೋರಿಸುದು. ಇದು ಬಸ್ಸಿನ ಟಾಪಿನಲ್ಲಿ ಕೂತ್ಕೊಂಡು ಎಲ್ಲರಿಗೂ ಹೇಳ್ತದೆ."

"ಇಂಡಿಯಾ ಅಂತಲೂ ಉಂಟು, ಇಷ್ಟು ದಪ್ಪಕ್ಕೆ," ಎಂದರು ಲಿಲ್ಲಿ ಬಾಯಿ. "ಕಳ್ಳರಿಗೆ ಕರೆಯೋಲೆ."

ಇವರ ವಿದ್ಯೆಯೆಲ್ಲ ಕಳೆದುಹೋದ ಪೆಟ್ಟಿಗೆಯನ್ನು ಮನೆಗೆ ತರಿಸುವ ವಿದ್ಯೆ. ಹೆಸರು ಓದಿದವನು ಒಳ್ಳೆಯವನೇ ಆಗಿರುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತದ್ದು. ಇಪ್ಪತ್ತೆರಡು ವರ್ಷ ಆ ನಂಬಿಕೆ ಇವರಿಗೆ ಕೈಕೊಡಲಿಲ್ಲ. ಎಂಥ ಪುಣ್ಯದ ಕಾಲ ಅದು ಎಂದು ಪೆಟ್ಟಿಗೆಯ ಎದುರು ನಿಂತು ಯೋಚಿಸಿದೆ. ಜೊತೆಗೆ ಇನ್ನೊಂದು ವಿಷಯ ಹೊಳೆದು ನಾಚಿಕೆಯಾಯಿತು. ನಾನು ಕಳಿಸಬೇಕೆಂದಿದ್ದದ್ದು ಆಮ್ನಾಳ ತಾಯಿಗೆ ಗೋಡಂಬಿಯನ್ನಲ್ಲ, ಇವರನ್ನು. ಅದಕ್ಕಾಗಿ ಆ ಹುಡುಗಿಯ ತಲೆಯ ಮೇಲೆ ಅವಳ ಹೆಸರನ್ನೇ ಹೊರಿಸಲು ಹೊರಟಿದ್ದೆ.

ಹಗ್ಗ ಬಿಚ್ಚಿದೆವು. ಎರಡೂವರೆ ವರ್ಷದ ಬಾಳೆಕಾಯಿ ಚಿಪ್ಸಿನ ಕನರು ವಾಸನೆಗೆ ಲಿಲ್ಲಿ ಬಾಯಿ ಮೂಗು ಮುಚ್ಚಿ, "ಇದನ್ನು ಕೊಂಡುಹೋದರೆ ಯುದ್ಧ ತನ್ನಿಂದ ತಾನೇ ನಿಲ್ತದೆ," ಎಂದರು. ಮೂವರೂ ನಕ್ಕೆವು. ಗೋಡಂಬಿಗೆ ಹುಳು ಬಿದ್ದಿತ್ತು. ಸಾಬೂನು, ಎಣ್ಣೆ, ನೈಟಿ ಉಳಿದವು. ಒಂದು ಹಳೆಯ ಬೂದು ಬಣ್ಣದ ಬ್ಯಾಗಿಗೆ ಅವನ್ನೂ ಮದ್ದನ್ನೂ ಹಾಕಿದೆವು.

ಹೆಸರಿಲ್ಲದ ಆ ಬ್ಯಾಗನ್ನು ನೋಡಿ ನನಗೆ ತಡೆಯಲಿಲ್ಲ. "ಕನ್ನಡದಲ್ಲಿ ಬರೆದರೆ? ಅಲ್ಲಿ ಯಾರಿಗೆ ಓದ್ಲಿಕ್ಕೆ ಬರ್ತದೆ?"

"ಓದ್ಲಿಕ್ಕೆ ಬಾರದ್ದು ಕಂಡರೆ ಇನ್ನೂ ಸಂಶಯ," ಎಂದರು ಲಿಲ್ಲಿ ಬಾಯಿ. "ನಿಮ್ಮ ಮನೆಯವರ ಬರೆಯುವ ಹುಚ್ಚು ಗೋಡೆಯ ಫೋಟೋದಿಂದ ಇಳಿದು ನಿನಗೂ ಹತ್ತಿದೆ."

ಕಪಾಟಿನಿಂದ ಇವರ ಹಳೆಯ ನೀಲಿ ಚೌಕುಳಿ ಲುಂಗಿ ತೆಗೆದು, ಅಂಚಿನಿಂದ ಒಂದು ಪಟ್ಟಿ ಹರಿದೆ. ಅದನ್ನು ಬ್ಯಾಗಿನ ಹಿಡಿಗೆ ಸುತ್ತಿ ಗಂಟು ಹಾಕಿದೆ. ನೂರು ಬ್ಯಾಗಿನ ನಡುವೆ ಅವಳಿಗೆ ಗುರುತು ಸಿಕ್ಕಿದರೆ ಸಾಕು. ಲಿಲ್ಲಿ ಬಾಯಿ ಆ ಗಂಟನ್ನು ಎಳೆದು ನೋಡಿ, ಬ್ಯಾಗನ್ನು ಬಾಗಿಲ ಬಳಿ ಇಟ್ಟರು.

ಸುದ್ದಿ ತಿಳಿಸುವ ಬಗೆಯನ್ನು ಮಾತ್ರ ನಾನೇ ಹೇಳಿಕೊಟ್ಟೆ. ಇವರು ಬಹರೈನ್‌ಗೆ ಹೋದ ಹೊಸತರಲ್ಲಿ ಪಕ್ಕದ ಮನೆಯ ಫೋನಿಗೆ ಎರಡು ರಿಂಗ್ ಕೊಟ್ಟು ಇಡುತ್ತಿದ್ದರು. ಕ್ಷೇಮ ಎಂದು ಅದರ ಅರ್ಥ. "ನೀನೂ ಹಾಗೆ ಮಾಡು, ನೆಟ್ ಸಿಕ್ಕಿದಲ್ಲಿಂದ. ನಾಲ್ಕು ದಿನ ಬಾರದಿದ್ದರೆ ಮಾವನಿಗೂ ಕಾಲೇಜಿಗೂ ಹೇಳ್ತೇನೆ. ಅದಕ್ಕೆ ಮೊದಲು ಹೆದರುದಿಲ್ಲ."

ಹೊರಡುವ ದಿನ ದೇವರ ದೀಪದ ಎದುರು ನಿಂತು ನಮ್ಮ ತುಳುವಿನಲ್ಲಿ "ಪೋದು ಬಲ ಮಗಾ" ಎಂದೆ. ಹೋಗಿ ಬಾ ಎಂದರ್ಥ. ಹೋಗು ಎಂದಷ್ಟೇ ನಾವು ಯಾರಿಗೂ ಹೇಳುವುದಿಲ್ಲ. "ಪೋದು ಬರ್ಪೆ," ಎಂದಳು ಅವಳು ತಪ್ಪಿಲ್ಲದೆ. ಇವರು ಕಲಿಸಿದ್ದು.

ಮೂರನೆಯ ದಿನ ಬೆಳಿಗ್ಗೆ ನಾನು ಮೀನು ತೊಳೆಯುತ್ತಿದ್ದಾಗ ಫೋನು ಹಾಡಿತು. ಮೀನಿನ ಕೈಯಲ್ಲೇ ಎತ್ತಿಬಿಟ್ಟೆ.

"ಆಂಟಿ, ಯಾಕೆ ಎತ್ತಿದ್ದು? ಇದು ಮಿಸ್ಡ್ ಕಾಲ್ ಅಲ್ವಾ?" ಎಂದು ಅಲ್ಲಿಂದ ಬೈಗುಳ.

"ಕೈ ಕೇಳಲಿಲ್ಲ ಮಗಾ. ಇಡು, ಇಡು."

ಆಮೇಲೆ ಎರಡು ರಿಂಗ್ ಮಾತ್ರ. ಆರನೆಯ ದಿನ ಒಂದು ಚಿಕ್ಕ ಸಂದೇಶ ಬಂತು: ದಾರಿ ಮುಚ್ಚಿದೆ, ಅರ್ಧದಿಂದ ತಿರುಗಿ ಬಂದೆ, ಮಾತು ಉಳಿಸಿದೆ. ಅದನ್ನು ಓದಿ ನಾನು ಅತ್ತದ್ದನ್ನು ಲಿಲ್ಲಿ ಬಾಯಿ ನೋಡಿಯೂ ನೋಡದ ಹಾಗೆ ಮಾಡಿದರು. ಮುಂದೆ ಮೂರು ದಿನ ಏನೂ ಇಲ್ಲ. ಮೂರು ದಿನವೆಂದರೆ ನಾಲ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಯಾರೂ ಕೇಳದಿದ್ದರೂ ಕಪಾಟಿನ ಡಬ್ಬಿಗಳನ್ನೆಲ್ಲ ತೊಳೆದೆ. ಜೀರಿಗೆ ಎಂದು ಇವರು ಬರೆದ ಡಬ್ಬಿಯಲ್ಲಿ ನಾನು ಯಾವತ್ತೂ ಮೆಂತೆಯನ್ನೇ ಇಟ್ಟಿದ್ದೆ. ಈ ಸಲ ಜೀರಿಗೆ ಹಾಕಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಎರಡು ರಿಂಗ್ ಬಂತು. ನಿಂತಿತು. ಒಂದು ನಿಮಿಷ ಬಿಟ್ಟು ಮತ್ತೆ ಎರಡು ರಿಂಗ್. ಹೀಗೆ ಎಂದು ನಾವು ಮಾತಾಡಿಕೊಂಡಿರಲಿಲ್ಲ. ಆದರೂ ಅರ್ಥವಾಯಿತು: ಎರಡನೆಯದು ತಾಯಿಯದು. ಉಳಿದದ್ದು ಆಮೇಲೆ ಗೊತ್ತಾಯಿತು, ದಾರಿ ತೆರೆದ ದಿನವೇ ಮಾವ ಅವರನ್ನು ಹೊರಡಿಸಿದ್ದರು. ಮಗಳು ಅರ್ಧ ದಾರಿಗೆ ಬಂದು ತಿರುಗಿದಳು ಎಂದು ಕೇಳಿದ ಮೇಲೆ ಮುದುಕಿ ತಾವಾಗಿಯೇ ಬೀಗ ಹಾಕಿದರಂತೆ. ಉಳಿದ ಅರ್ಧ ನನ್ನದು ಎಂದರಂತೆ.

ಈಗ ಆಮ್ನಾ ಇಲ್ಲಿದ್ದಾಳೆ. ವೀಸಾದ ಆ ಕಾಗದ ಕೆಲಸಕ್ಕೆ ಬಂತು. ಬ್ಯಾಗೂ ಬಂತು, ಹಿಡಿಯ ಲುಂಗಿ ಪಟ್ಟಿ ಮಾತ್ರ ಬರಲಿಲ್ಲ. ತಾಯಿ ಅದನ್ನು ಬಿಚ್ಚಿ ತಮ್ಮ ಮದ್ದಿನ ಚೀಲಕ್ಕೆ ಕಟ್ಟಿಕೊಂಡಿದ್ದಾರಂತೆ. ಅವರು ತಮ್ಮನ ಮನೆಯಲ್ಲಿದ್ದಾರೆ, ಮದ್ದು ಸಿಗುತ್ತಿದೆ. ಮಂಡಿಯ ಚಿಕಿತ್ಸೆಗೆಂದು ಇಲ್ಲಿಗೆ ಕರೆಸಲು ಅವರ ಪಾಸ್‌ಪೋರ್ಟಿನ ಕೆಲಸ ನಡೆಯುತ್ತಿದೆ.

ಕಳೆದ ಭಾನುವಾರ ಸಂಜೆ ಕಾಫಿಯ ಹೊತ್ತಿಗೆ ಅವರು ವಿಡಿಯೋದಲ್ಲಿ ಬಂದರು. ನಾನು ಹೊಲಿದ ನೈಟಿ ಹಾಕಿದ್ದರು. ಆಮ್ನಾ ಹೇಳಿದ ಹಾಗೆ ಇನ್ನೂ ಸ್ವಲ್ಪ ಉದ್ದ ಬೇಕಿತ್ತು. ನನ್ನ ಹಿಂದೆ ಚಾವಡಿಯ ಮೂಲೆಯಲ್ಲಿದ್ದ ಖಾಲಿ ಪೆಟ್ಟಿಗೆ ಅವರ ಕಣ್ಣಿಗೆ ಬಿತ್ತು. ಹತ್ತಿರ ತರಲು ಹೇಳಿದರು. ಕನ್ನಡಕ ಹುಡುಕಿ ಹಾಕಿಕೊಂಡರು. ಆಮೇಲೆ ಆ ಟೀಚರ್ ತಮ್ಮ ಮಗಳ ಹೆಸರನ್ನು ಓದಿದರು: ಅವಳ ಹೆಸರು, ಅವಳ ಅಪ್ಪನ ಹೆಸರು, ಅಜ್ಜನ ಹೆಸರು, ಒಂದೊಂದಾಗಿ, ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ.

ಆಮ್ನಾ ಪೆಟ್ಟಿಗೆ ತಿರುಗಿಸಿದಳು. ಅವರು ಮತ್ತೆ ಓದಿದರು. "ಎಲ್ಲ ಕಡೆ ಅದೇ ಉಂಟು ಅಂತ ಹೇಳಿದೆ," ಎಂದು ಆಮ್ನಾ ನನಗೆ ನಗುತ್ತಾ ಹೇಳಿದಳು. "ಇರಲಿ, ಓದ್ತೇನೆ ಅಂತಾರೆ." ಆರೂ ಬದಿಯನ್ನು ಓದಿದರು, ಅಡಿಯದನ್ನೂ. ಅಕ್ಷರ ಗುಂಡಾಗಿದೆ, ಬರೆದವರಿಗೆ ಪೂರ್ತಿ ಅಂಕ ಎಂದರಂತೆ.

ಅವರು ಬರುತ್ತಾರೆ ಎಂದು ನನಗೆ ಅನಿಸುತ್ತದೆ. ಮಾಳಿಗೆಯ ಕೋಣೆಗೆ ಇನ್ನೊಂದು ಮಂಚ ಹಾಕಿಸಿದ್ದೇನೆ. ಅದರ ಮೇಲೆ ಹೆಸರು ಬರೆಯುವವರು ಮಾತ್ರ ಮನೆಯಲ್ಲಿ ಇಲ್ಲ.